ಮೂರು ಸಲ ಕೇಳು

ಆ ಹುಡುಗಿಗೆ ಇಂಗ್ಲಿಷ್ ಕಲಿಸಿ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಹತ್ತು ವರ್ಷದ ಅವಳಿಗೆ ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗಿಂತ ಚೆನ್ನಾಗಿಯೇ ಇಂಗ್ಲಿಷ್ ಬರುತ್ತಿತ್ತು. ನಾನು ಕಲಿಸಬೇಕಾಗಿದ್ದದ್ದು ಒಂದೇ ಒಂದು ಸಂಗತಿ. ಉಸಿರು ಕಟ್ಟಿದಾಗ ಉಸಿರು ಕಟ್ಟುತ್ತಿದೆ ಎಂದು ಬಾಯಿಬಿಟ್ಟು ಹೇಳುವುದು.

ಇದೂ ಕಲಿಸುವ ವಿಷಯವೇ ಎಂದು ನನಗೆ ಒಳಗೊಳಗೇ ನಗು ಬಂದಿತ್ತು. ಹಳೇಬೀಡಿನ ಹೈಸ್ಕೂಲೊಂದರಲ್ಲಿ ನಾನಾಗ ಇಂಗ್ಲಿಷ್ ಟೀಚರ್. ಬೇಸಿಗೆ ರಜೆಯಲ್ಲಿ ಮನೆಯ ಪಡಸಾಲೆಯಲ್ಲೇ ಕ್ಲಾಸು ನಡೆಸುತ್ತಿದ್ದೆ. ‘ಇಂಗ್ಲಿಷ್ ಸಂಭಾಷಣೆ ಮತ್ತು ವ್ಯಕ್ತಿತ್ವ ವಿಕಸನ’ ಎಂದು ಬೋರ್ಡು ಬೇರೆ ಬರೆಸಿ ಹಾಕಿದ್ದೆ. ವ್ಯಕ್ತಿತ್ವ ವಿಕಸನದ ಬಗ್ಗೆ ನನಗೆ ಗೊತ್ತಿದ್ದದ್ದು ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಹಳೆಯ ಪುಸ್ತಕದಲ್ಲಿ ಇದ್ದಷ್ಟು. ಬೋರ್ಡು ನೋಡಿದವರು ಯಾರೋ ಜಾವಗಲ್‌ನಲ್ಲಿ ಹೇಳಿ, ಅಲ್ಲಿಂದ ಸುದ್ದಿ ಇಂಗ್ಲೆಂಡಿಗೆ ಹೋಗಿ, ಒಂದು ಸಂಜೆ ಹುಡುಗಿಯ ತಾಯಿ ನಮ್ಮ ಮನೆಗೆ ಫೋನ್ ಮಾಡಿದಳು.

ಅವಳು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಗಂಡನಿಗೂ ಅಲ್ಲೇ ಕೆಲಸ. ಮಗಳು ಜಾವಗಲ್‌ನಲ್ಲಿ ಅಜ್ಜಿಯ ಹತ್ತಿರ ಬೆಳೆದವಳು. ಹಿಂದಿನ ವರ್ಷ ಅವಳನ್ನು ಕರೆಸಿಕೊಂಡು ಅಲ್ಲಿನ ಶಾಲೆಗೆ ಸೇರಿಸಿದ್ದರು. ಚಿಕ್ಕಂದಿನಿಂದ ಉಬ್ಬಸವಿದ್ದ ಹುಡುಗಿ. ಐದನೇ ವಾರ ಆಟದ ಬಯಲಿನಲ್ಲಿ ವೀಸಿಂಗ್ ಶುರುವಾಗಿದೆ. ಟೀಚರು ಹತ್ತಿರ ಬಂದು, ಹುಷಾರಾಗಿದ್ದೀಯಾ ಎಂದು ಕೇಳಿದ್ದಾಳೆ. ಇವಳು ಹುಷಾರಾಗಿದ್ದೇನೆ ಮಿಸ್ ಅಂದಿದ್ದಾಳೆ. ಕ್ಲಾಸಿಗೆ ಬಂದ ಮೇಲೆ ಇನ್ನೊಬ್ಬ ಟೀಚರು ಕೇಳಿದ್ದಾಳೆ. ಆಗಲೂ ಅದೇ ಉತ್ತರ. ಇನ್ಹೇಲರ್ ಅದೇ ಕೋಣೆಯ ಮೇಜಿನ ಡ್ರಾಯರಿನಲ್ಲಿತ್ತಂತೆ, ಕೈಗೆ ಸಿಗುವಷ್ಟು ಹತ್ತಿರ. ಆಮೇಲೆ ಆಂಬುಲೆನ್ಸ್, ಆಸ್ಪತ್ರೆ, ಮೂರು ದಿನ ಆಕ್ಸಿಜನ್. ಶಾಲೆಯವರು ತಾಯಿಯನ್ನು ಕೂರಿಸಿ ಮೆತ್ತಗೆ ಹೇಳಿದ್ದರು: ಕೇಳಿದ ತಕ್ಷಣ ಕೊಡುತ್ತೇವೆ, ಆದರೆ ಕೇಳಬೇಕಾದವಳು ಅವಳು. ಆಮೇಲೆ ತಾಯಿ ಅವಳನ್ನು ಮತ್ತೆ ಅಜ್ಜಿಯ ಹತ್ತಿರ ಕಳಿಸಿದ್ದಳು.

“ನಮ್ಮಿಬ್ರಿಗೂ ಹನ್ನೆರಡು ಗಂಟೆ ಡ್ಯೂಟಿ ಮಿಸ್. ಅವಳ ಹಿಂದೆ ಯಾರೂ ಇರಲ್ಲ. ಜುಲೈಗೆ ಬಂದು ಕರ್ಕೊಂಡು ಹೋಗ್ತೀನಿ. ಈ ಸಲಾನೂ ಹಂಗೇ ಆದ್ರೆ...” ಎಂದು ನಿಲ್ಲಿಸಿದಳು. ಮುಂದಿನದನ್ನು ನಾನೂ ಕೇಳಲಿಲ್ಲ. ಹನ್ನೊಂದು ವಾರ ಸಿಕ್ಕರೆ ಸಾಕು, ಮಾತು ಬಿಡಿಸುತ್ತೇನೆ ಎಂದು ಧೈರ್ಯವಾಗಿ ಹೇಳಿಬಿಟ್ಟೆ.

ಮೊದಲ ಭಾನುವಾರ ಅಜ್ಜಿ ಮೊಮ್ಮಗಳು ಜಾವಗಲ್ ಬಸ್ಸಿನಲ್ಲಿ ಬಂದಿಳಿದರು. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ. ಬಸ್ಸಿನಲ್ಲಿ ನಿಂತೇ ಬಂದಿದ್ದರು. ಮಜ್ಜಿಗೆ ಕೊಡಲಾ ಮಗ ಎಂದೆ. “ಬೇಡ ಮಿಸ್, ಈಗ ಕುಡ್ಕೊಂಡ್ ಬಂದೆ” ಎಂದಳು ಹುಡುಗಿ. ಬಿಸಿಲಲ್ಲಿ ಬಂದಿದ್ದೀಯ, ಸ್ವಲ್ಪ ಕುಡಿ ಎಂದೆ. ಬೇಡ ಮಿಸ್ ಎಂದಳು. ಮೂರನೇ ಸಲಕ್ಕೆ ಲೋಟವನ್ನೇ ಕೈಗೆ ಹಿಡಿಸಿದೆ. ಒಂದೇ ಗುಟುಕಿಗೆ ಕುಡಿದು ಲೋಟವನ್ನು ತೊಳೆದು ಬೋರಲು ಹಾಕಿದಳು. ಎಷ್ಟು ಒಳ್ಳೆಯ ಸಂಸ್ಕಾರ ಎಂದು ನಾನು ಅಜ್ಜಿಯನ್ನು ಹೊಗಳಿದೆ. ರೋಗ ಕಣ್ಣೆದುರಿಗೇ ಇತ್ತು, ನಾನು ಅದಕ್ಕೆ ಹಾರ ಹಾಕಿದೆ.

ಹೆಸರೇನು ಎಂದು ಕೇಳಿದರೆ ಅಜ್ಜಿ ಹೇಳಿದರು. ಯಾವ ಪಾಠ ಇಷ್ಟ ಎಂದರೆ ಅದನ್ನೂ ಅಜ್ಜಿಯೇ ಹೇಳಿದರು. ಮನೆಯಲ್ಲಿ ಕೊಬ್ಬರಿ ವ್ಯಾಪಾರ, ಮಗ ಸೊಸೆ ನೋಡಿಕೊಳ್ಳುತ್ತಾರೆ, ಕಾಯಿ ಸಿಪ್ಪೆಯ ದೂಳು ಇವಳಿಗೆ ಆಗುವುದಿಲ್ಲ ಎಂದೆಲ್ಲ ಹೇಳುತ್ತಿದ್ದವರು ಮಾತಿನ ನಡುವೆಯೇ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ ನೀಲಿ ಇನ್ಹೇಲರ್ ತೆಗೆದರು, ಅವರ ಬಾಯಲ್ಲಿ ಅದು ಪಂಪ್. ಅದನ್ನು ನಾಲ್ಕು ಸಲ ಕುಲುಕಿ ಹುಡುಗಿಯ ತುಟಿಗೆ ಹಿಡಿದರು. ಅವಳು ಉಸಿರೆಳೆದಳು, ಹತ್ತು ಎಣಿಸುವಷ್ಟು ಹೊತ್ತು ಹಿಡಿದಳು, ಬಿಟ್ಟಳು. ಅಜ್ಜಿ ಪಂಪನ್ನು ಮತ್ತೆ ಸಂಚಿಗೆ ಸೇರಿಸಿ ಕೊಬ್ಬರಿ ರೇಟಿನ ಮಾತು ಮುಂದುವರಿಸಿದರು. ನನಗೆ ಹುಡುಗಿಯಲ್ಲಿ ಏನೂ ವ್ಯತ್ಯಾಸ ಕಂಡಿರಲಿಲ್ಲ.

“ನಿಮಗೆ ಹೇಗೆ ಗೊತ್ತಾಯ್ತಮ್ಮ?” ಎಂದೆ.

“ಕತ್ತಿನ ಗುಳಿ ಒಳೀಕ್ ಹೋಯ್ತದೆ ಟೀಚರಮ್ಮ. ಮೂಗಿನ ಹೊಳ್ಳೆ ಅಗಲಾಯ್ತದೆ. ಅವ್ಳಿಗಿಂತ ಮುಂಚೆ ನಂಗ್ ಗೊತ್ತಾಯ್ತದೆ” ಎಂದರು. ಹೆಮ್ಮೆ ಇತ್ತು ಆ ಮಾತಿನಲ್ಲಿ, ಇರಬೇಕಾದ್ದೇ.

ನಾನು ಅರಸೀಕೆರೆಗೆ ಹೋಗಿ ಹುಡುಗಿಯನ್ನು ನೋಡುತ್ತಿದ್ದ ಡಾಕ್ಟರನ್ನು ಕಂಡೆ. ಅಜ್ಜಿಯ ಕಣ್ಣು ನಿಮಗೆ ಬರುವುದಿಲ್ಲ, ನೀವು ಭಾಷೆಯವರು, ಪದ ಎಣಿಸಿ ಎಂದರು ಅವರು. ಒಂದು ಉಸಿರಿಗೆ ಪೂರಾ ವಾಕ್ಯ ಹೇಳಿದರೆ ಚಿಂತೆಯಿಲ್ಲ. ವಾಕ್ಯ ತುಂಡಾಗಿ ಐದಾರು ಪದಕ್ಕೆ ನಿಂತರೆ ಪಂಪ್ ಕೊಡಬೇಕು. ಮೂರಕ್ಕೆ ಇಳಿದರೆ ಯಾವುದಕ್ಕೂ ಕಾಯಬಾರದು, ಪಂಪ್ ಕೊಡುತ್ತಲೇ ಆಸ್ಪತ್ರೆಗೆ ಓಡಬೇಕು. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಆ ಹನ್ನೊಂದು ವಾರ ನಾನು ಹುಡುಗಿ ಏನು ಹೇಳುತ್ತಾಳೆ ಎನ್ನುವುದಕ್ಕಿಂತ ಎಷ್ಟು ಪದ ಹೇಳುತ್ತಾಳೆ ಎಂದೇ ಕೇಳಿಸಿಕೊಂಡೆ.

ಪಾಠ ಶುರುವಾಯಿತು. ಫುಟ್‌ಪಾತಿನ ಪುಸ್ತಕದ ಮೊದಲ ಅಧ್ಯಾಯವೇ ಕಣ್ಣಿಗೆ ಕಣ್ಣಿಟ್ಟು ಮಾತನಾಡುವುದು. ಹುಡುಗಿಯ ನೋಟ ನನ್ನ ಕಾಲುಂಗುರದ ಮೇಲಿಂದ ಏಳುತ್ತಲೇ ಇರಲಿಲ್ಲ. ದೊಡ್ಡವರ ಮುಖ ನೋಡಿ ಮಾತಾಡಬಾರದು ಎಂದು ಬೆಳೆಸಿದ್ದರು. ನಾನೊಂದು ಉಪಾಯ ಹೂಡಿದೆ. ಕಣ್ಣು ನೋಡಬೇಡ, ಹಣೆಯ ವಿಭೂತಿ ನೋಡಿ ಮಾತಾಡು, ಎದುರಿನವರಿಗೆ ಕಣ್ಣು ನೋಡಿದ ಹಾಗೇ ಕಾಣುತ್ತದೆ ಎಂದೆ. ಅಜ್ಜಿಯನ್ನು ಎದುರಿಗೆ ಕೂರಿಸಿದೆ. ಹುಡುಗಿ ತಲೆ ಎತ್ತಿ, ವಿಭೂತಿಯನ್ನೇ ನೋಡುತ್ತ, ಇಡೀ ಒಂದು ಪಾಠ ಒಪ್ಪಿಸಿದಳು. ನನಗೆ ನನ್ನ ಬುದ್ಧಿವಂತಿಕೆಯ ಮೇಲೆ ಬಹಳ ಮೆಚ್ಚುಗೆಯಾಯಿತು.

ಮುಂದಿನ ಭಾನುವಾರ ಅವಳನ್ನು ದೇವಸ್ಥಾನದ ಹುಲ್ಲುಹಾಸಿಗೆ ಕರೆದುಕೊಂಡು ಹೋದೆ. ಹಳೇಬೀಡಿನಲ್ಲಿ ಪರದೇಶದವರಿಗೇನು ಬರವೇ? ಬಸ್ಸಿನಿಂದ ಇಳಿದು ಶಿಲ್ಪ ನೋಡಿ ಸುಸ್ತಾಗಿ ನೆರಳಿಗೆ ಕೂತ ಒಬ್ಬ ನಡುವಯಸ್ಸಿನ ಬಿಳಿಯ ಹೆಂಗಸಿನ ಹತ್ತಿರ ಹೋಗಿ ಮಾತನಾಡು ಎಂದು ಕಳಿಸಿದೆ. ಹುಡುಗಿ ಹೋದಳು. ಆ ಹೆಂಗಸಿನ ಹಣೆಯಲ್ಲಿ ವಿಭೂತಿ ಇರಲಿಲ್ಲ. ಹುಡುಗಿ ಅದಕ್ಕಾಗಿ ಹುಡುಕಿದಳು. ಕೂದಲ ತನಕ ಹುಡುಕಿ ಸಿಗದೆ ಕೊನೆಗೆ ಆಕೆಯ ಬೂಟಿಗೆ ಇಳಿದು ಅಲ್ಲೇ ನಿಂತಳು. ಹೆಂಗಸು ಬಿಸ್ಕತ್ತಿನ ಪೊಟ್ಟಣ ಚಾಚಿದಳು. ಇವಳು ಬೇಡ ಎಂದಳು. ಹೆಂಗಸು ಪೊಟ್ಟಣ ಮಡಿಸಿ ಚೀಲಕ್ಕೆ ಹಾಕಿದಳು. ವಾಪಸ್ಸು ಬಂದಾಗ ಹುಡುಗಿಯ ಮುಖದಲ್ಲಿ ಒಂದು ಥರದ ಗಲಿಬಿಲಿ ಇತ್ತು. ಬಿಸ್ಕತ್ತು ಬೇಕಿತ್ತಾ ಎಂದು ಕೇಳಿದೆ. ಏನಿಲ್ಲ ಮಿಸ್ ಎಂದಳು.

ಅಲ್ಲೇ ನಿಂತು ನೋಡುತ್ತಿದ್ದ ಗೈಡ್ ಒಬ್ಬ ನಕ್ಕ. ಇಪ್ಪತ್ತು ವರ್ಷದಿಂದ ಪರದೇಶದವರ ಜೊತೆ ಸುತ್ತಿದವನು. “ಅವ್ರು ಒಂದೇ ಸಲ ಕೇಳೋದು ಮಿಸ್. ಬೇಡ ಅಂದ್ರೆ ಬೇಡ ಅಂತ್ಲೇ ತಿಳ್ಕೋತಾರೆ. ನಾನೂ ಶುರೂನಲ್ಲಿ ಎಷ್ಟು ಟೀ ಕಳ್ಕೊಂಡಿದೀನಿ” ಎಂದ.

ಆ ಮಾತು ಕೇಳಿದ ಮೇಲೆ ನನಗೆ ಮೊದಲ ದಿನದ ಮಜ್ಜಿಗೆ ಲೋಟ ನೆನಪಾಯಿತು. ನಮ್ಮಲ್ಲಿ ಕೇಳುವವರು ಮೂರು ಸಲ ಕೇಳಬೇಕು, ಎರಡು ಸಲ ಬೇಡ ಎನ್ನಬೇಕು. ಮೊದಲ ಸಲಕ್ಕೇ ಹೂಂ ಅಂದರೆ ಗತಿಗೆಟ್ಟವರು. ಉಸಿರಾಟದ ವಿಷಯದಲ್ಲೂ ಮಗು ಅದೇ ಮರ್ಯಾದೆ ಪಾಲಿಸಿತ್ತು. ಹುಷಾರಾಗಿದ್ದೀಯಾ ಎಂದು ಆ ಟೀಚರು ಕೇಳಿದ್ದಳು, ಇವಳು ದಾಕ್ಷಿಣ್ಯಕ್ಕೆ ಹೂಂ ಅಂದಳು, ಮತ್ತೆರಡು ಸಲ ಕೇಳಲಿ ಎಂದು ಕಾದಳು. ಮೂರನೇ ಸಲ ಯಾರೂ ಕೇಳಲಿಲ್ಲ.

ರೋಗ ಗೊತ್ತಾದರೆ ಮದ್ದು ಸುಲಭ ಎಂದುಕೊಂಡೆ. ‘ನನಗೆ ಪಂಪ್ ಬೇಕು’ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ನಲವತ್ತು ಸಲ ಹೇಳಿಸಿದೆ. ನಿಂತು, ಕೂತು, ನಡೆಯುತ್ತ, ಕೋಣೆಯ ಆಚೆಯಿಂದ. ಗಿಣಿಪಾಠದಂತೆ ಹೇಳಿದಳು. ಮೇ ತಿಂಗಳಲ್ಲಿ ಒಂದು ದಿನ ಅಜ್ಜಿಯನ್ನು ದೇವಸ್ಥಾನಕ್ಕೆ ಕಳಿಸಿ ಪಂಪ್ ನನ್ನ ಹತ್ತಿರ ಇಟ್ಟುಕೊಂಡು ಪಾಠ ಮಾಡುತ್ತಿದ್ದೆ. ಹೊರಗೆ ಸುಂಟರಗಾಳಿ ಎದ್ದು ದೂಳು ಒಳಗೆ ನುಗ್ಗಿತು. ಹುಡುಗಿ ಓದುತ್ತಿದ್ದ ವಾಕ್ಯಗಳು ತುಂಡಾಗತೊಡಗಿದವು. ಏಳು ಪದ. ಆರು. ಏನಾಯಿತು ಎಂದು ಕೇಳಿದೆ. ಏನಿಲ್ಲ ಮಿಸ್ ಎಂದಳು. ಬೆಳಿಗ್ಗೆ ತಾನೇ ನಲವತ್ತು ಸಲ ಹೇಳಿದ ವಾಕ್ಯ ನಾಲಿಗೆಯ ಮೇಲೆ ಇತ್ತು, ಬರಲಿಲ್ಲ. ನಾಲ್ಕು ಪದಕ್ಕೆ ಬಂದಾಗ ನಾನೇ ಪಂಪ್ ಕೊಟ್ಟೆ. ಕೊಟ್ಟು, ಬಾಯಿಲ್ಲವಾ ನಿನಗೆ ಎಂದು ಗದರಿದೆ. ಅವಳು ಅತ್ತಳು. ಅಳು ಬಂದು ಉಸಿರು ಇನ್ನಷ್ಟು ಕಟ್ಟಿತು. ನನ್ನ ನಾಲಿಗೆ ಕತ್ತರಿಸಿ ಹಾಕಬೇಕು ಎನ್ನಿಸಿತು ಆಗ.

ವಾಕ್ಯ ಗೊತ್ತಿದ್ದರೆ ಸಾಲದು, ಕೇಳುವ ಅಭ್ಯಾಸ ಬೇಕು. ಹಾಗಾಗಿ ಪುಸ್ತಕ ಮುಚ್ಚಿಟ್ಟು ಒಂದು ನಿಯಮ ಮಾಡಿದೆ. ಅಲ್ಲಿಯವರು ಒಂದು ಸಲ ಕೇಳುತ್ತಾರೆ, ಆದ್ದರಿಂದ ನೀನು ಮೂರು ಸಲ ಕೇಳಬೇಕು. ಮೊದಲ ಸಲ ಎದುರಿಗಿರುವವರ ಮುಖ ನೋಡಿ ಕೇಳು. ಐದು ಎಣಿಸು. ಕೊಡಲಿಲ್ಲವಾ, ಅದೇ ಮಾತನ್ನು ಅವರಿಗೇ ಇನ್ನೊಂದು ಸಲ ಹೇಳು. ಆಗಲೂ ಕೊಡಲಿಲ್ಲವಾ, ಹತ್ತಿರದಲ್ಲಿರುವ ಇನ್ನೊಬ್ಬ ದೊಡ್ಡವರ ಹತ್ತಿರ ಹೋಗಿ ಹೇಳು. ಅತ್ತರೆ ತಾನೇ ತಾಯಿಯೂ ಹಾಲು ಕೊಡೋದು ಎಂದು ಗಾದೆಯನ್ನೂ ಸೇರಿಸಿದೆ. ನಮ್ಮ ಮನೆಯಲ್ಲಿ ಅವಳು ಕೇಳದೆ ಏನೂ ಸಿಗುವುದಿಲ್ಲ ಎಂದಾಯಿತು. ನೀರು, ಮಜ್ಜಿಗೆ, ಪೆನ್ಸಿಲು, ಫ್ಯಾನಿನ ಗಾಳಿ. ಬೇಕೆಂದೇ ಮೊದಲೆರಡು ಸಲ ಕೇಳಿಸದ ಹಾಗೆ ಇರುತ್ತಿದ್ದೆ. ಮೊದಲ ದಿನ ಮೂರು ಗಂಟೆ ಬಾಯಾರಿಕೊಂಡೇ ಕೂತಳು. ಮೂರನೇ ವಾರಕ್ಕೆ, “ಮಿಸ್, ನಂಗೆ ಮಜ್ಜಿಗೆ ಬೇಕು” ಎಂದು ನನ್ನ ಕಣ್ಣು ನೋಡಿ ಹೇಳಿದಳು. ಅವತ್ತು ನಾನು ದೊಡ್ಡ ಲೋಟದಲ್ಲಿ ಕೊಟ್ಟೆ.

ಇದರ ಫಲ ಹಗರೆಯಲ್ಲಿ ಉಣ್ಣಬೇಕಾಯಿತು. ಅಲ್ಲಿ ನೆಂಟರ ಮನೆಗೆ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದರು. ಹೋಳಿಗೆ ಹಾಕಲಾ ಎಂದು ಮನೆಯೊಡತಿ ಕೇಳಿದ ಕೂಡಲೇ ಹುಡುಗಿ, ಹೂಂ ಕೊಡಿ, ನಂಗೆ ಎರಡು ಬೇಕು ಎಂದಿದ್ದಾಳೆ. ಆಕೆ ತುಪ್ಪ ತರಲು ಹೋದಾಗ ಎರಡನೇ ಸಲ. ಆಮೇಲೆ ಆಕೆಯ ಗಂಡನ ಹತ್ತಿರ ಹೋಗಿ ಮೂರನೇ ಸಲ. ಊಟಕ್ಕೆ ಕೂತಿದ್ದವರೆಲ್ಲ ಅಜ್ಜಿಯ ಮುಖ ನೋಡಿದರಂತೆ.

ಆ ಭಾನುವಾರ ಅಜ್ಜಿ ನಮ್ಮ ಮನೆಯ ಜಗಲಿಯ ಮೇಲೆ ಕೂರಲಿಲ್ಲ. ನಿಂತೇ ಮಾತಾಡಿದರು. ಕಾಯಿ ಮಾರುವ ಮನೆಯ ಮಗು ಭಿಕ್ಷೆಯವರ ಮಗುವಿನಂತೆ ಕೇಳುವುದನ್ನು ಕಲಿಸಿದ್ದೀರಿ ಎಂದರು. ನಾನು ಒಂದು ಸಲದ ಲೆಕ್ಕ, ಮೂರು ಸಲದ ಲೆಕ್ಕ ಎಲ್ಲ ವಿವರಿಸಿದೆ. ಅವರು ಪೂರಾ ಕೇಳಿಸಿಕೊಂಡರು. ಕೊನೆಗೆ ಹೇಳಿದ್ದು ಇಷ್ಟು:

“ನಮ್ಮನೇಲಿ ಈ ಮಗ ಬಾಯ್ಬಿಟ್ಟು ಕೇಳೋಗಂಟ ನಾನ್ ಬಿಟ್ಟಿಲ್ಲ ಟೀಚರಮ್ಮ. ಕೇಳೋಕ್ ಮುಂಚೇನೇ ಕೊಟ್ಟಿದೀನಿ. ಅದು ತಪ್ಪಾ?”

ಅದು ತಪ್ಪು ಎನ್ನುವ ಬಾಯಿ ನನಗಿರಲಿಲ್ಲ. ತಪ್ಪಲ್ಲ ಎಂದರೆ ಹುಡುಗಿಯ ಗತಿ ಏನು? ಅಜ್ಜಿಯೇ ಬಂದು ಜಗಲಿಯ ಮೇಲೆ ಕೂತು, ಸಂಚಿ ಬಿಚ್ಚಿ, ಅಡಿಕೆ ಬದಲು ಪಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

ಜೂನ್ ಬಂತು. ಶಾಲೆ ಶುರುವಾದರೂ ಭಾನುವಾರದ ಪಾಠ ನಿಲ್ಲಿಸಲಿಲ್ಲ. ಮಜ್ಜಿಗೆ, ನೀರು, ಹೋಳಿಗೆಗೆ ಅವಳು ಬಾಯಿ ಬಿಡುತ್ತಿದ್ದಳು. ಪಂಪಿಗೆ ಮಾತ್ರ ಬಿಡಲಿಲ್ಲ. ಯಾಕೆಂದು ಒಂದು ದಿನ ಅವಳನ್ನೇ ಕೇಳಿದೆ. ಅಜ್ಜಿಗೆ ಗೊತ್ತಾಗುತ್ತಲ್ಲ ಮಿಸ್ ಎಂದಳು, ಇಷ್ಟೂ ತಿಳಿಯದಾ ಎನ್ನುವ ಹಾಗೆ. ಉಸಿರು ಕಟ್ಟುವುದು ಅವಳ ಕೆಲಸ, ಗೊತ್ತು ಮಾಡಿಕೊಳ್ಳುವುದು ಅಜ್ಜಿಯ ಕೆಲಸ. ಇಂಗ್ಲೆಂಡಿನಲ್ಲೂ ಅವಳು ಕಾದದ್ದು ಅಜ್ಜಿಯಂಥ ಯಾರಾದರೂ ಕತ್ತಿನ ಗುಳಿ ನೋಡಲಿ ಎಂದು.

ಆಗ ನಾನು ಒಂದು ತೀರ್ಮಾನಕ್ಕೆ ಬಂದೆ. ಇವತ್ತಿಗೂ ಅದು ಸರಿಯೋ ತಪ್ಪೋ ಹೇಳಲಾರೆ. ಅಜ್ಜಿಯನ್ನು ಒಳಗೆ ಕರೆದು, ಇನ್ನು ಮೇಲೆ ಕಂಡರೂ ಕಾಣದ ಹಾಗೆ ಇರಬೇಕು ಎಂದೆ. ಡಾಕ್ಟರು ಹೇಳಿದ ಮೂರು ಪದದ ಗಡಿ ತಿಳಿಸಿದೆ. ಅದಕ್ಕೂ ಮುಂಚೆ, ನಾಲ್ಕಕ್ಕೇ ನಾನೇ ಕೊಡುತ್ತೇನೆ, ಅಲ್ಲಿಯವರೆಗೆ ನೀವು ಅವಳತ್ತ ತಿರುಗಬಾರದು ಎಂದೆ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, “ಎಲ್ಲಿ ಅಂತ ಹೇಳಿ, ಬತ್ತೀನಿ” ಎಂದರು.

ಹುಲಿಕೆರೆಗೆ ಹೋದೆವು. ಅಲ್ಲಿಯ ಕಲ್ಯಾಣಿಗೆ ಜನ ಹೆಚ್ಚು ಬರುವುದಿಲ್ಲ. ನಡೆದು ಹೋದರೆ ದಾರಿಯಲ್ಲೇ ದಮ್ಮು ಏಳಬಹುದು ಎಂದು ಆಟೋ ಮಾಡಿಸಿದ್ದೆ, ವಾಪಸ್ಸು ಹೋಗಲು ಆಟೋದವನನ್ನು ಮೇಲೆ ರಸ್ತೆಯಲ್ಲೇ ನಿಲ್ಲಿಸಿಕೊಂಡಿದ್ದೆ. ಮಳೆ ಹಿಡಿದಿರಲಿಲ್ಲ, ಗಾಳಿ ಮಾತ್ರ ಜೋರಾಗಿತ್ತು. ಹುಡುಗಿ ಮೆಟ್ಟಿಲಿಳಿದು ಸುತ್ತಲಿನ ಪುಟ್ಟ ಗುಡಿಗಳನ್ನು ಎಣಿಸಿ ಬಂದು ನನಗೆ ಇಂಗ್ಲಿಷಿನಲ್ಲಿ ವರದಿ ಕೊಡಬೇಕು, ಅದು ಅವತ್ತಿನ ಪಾಠ. ಮೂರು ಸಲ ಹತ್ತಿ ಇಳಿದಳು. ನಾಲ್ಕನೇ ವರದಿಯಲ್ಲಿ ವಾಕ್ಯ ತುಂಡಾಯಿತು. ಏಳು ಪದ. ಇನ್ನೊಂದು ವಾಕ್ಯ, ಆರು.

ಹುಷಾರಾಗಿದ್ದೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದೆ, ಒಂದೇ ಸಲ. ಹೂಂ ಮಿಸ್ ಎಂದಳು. ಎಂದವಳು ತಿರುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ನೀರು ನೋಡುತ್ತಿದ್ದರು. ಹುಡುಗಿ ಇನ್ನೊಂದು ಮೆಟ್ಟಿಲು ಹತ್ತಿ ಅವರ ಎದುರಿಗೇ ಬಂದು ನಿಂತಳು, ಕತ್ತಿನ ಗುಳಿ ಕಾಣುವಷ್ಟು ಹತ್ತಿರ. ಈಗ ಅದು ನನಗೂ ಕಾಣುತ್ತಿತ್ತು. ಅಜ್ಜಿ ಮುಖವನ್ನು ಗುಡಿಯ ಕಡೆ ತಿರುಗಿಸಿದರು.

ಎಷ್ಟು ಗುಡಿ ಲೆಕ್ಕ ಸಿಕ್ಕಿತು ಎಂದು ಕೇಳಿ ಮಾತನಾಡಿಸಿದೆ. ಐದು ಪದ. ನಾಲ್ಕರ ಮಾತು ಆಡಿದ್ದವಳು ನಾನೇ, ಐದಕ್ಕೇ ಸೋತುಹೋದೆ. ಚೀಲದೊಳಗೆ ಕೈ ಹಾಕಿ ಪಂಪ್ ಹಿಡಿದೆ. ಆಗ ನನ್ನ ಮಣಿಕಟ್ಟಿನ ಮೇಲೆ ಅಜ್ಜಿಯ ಕೈ ಬಿತ್ತು. ಕಾಯಿ ಸುಲಿದು ಪಳಗಿದ ಕೈ. ಬಿಡಿಸಿಕೊಳ್ಳಲು ಆಗಲಿಲ್ಲ. ಅವರು ನನ್ನ ಕಡೆಯೂ ನೋಡಲಿಲ್ಲ, ಮಗುವಿನ ಕಡೆಯೂ ನೋಡಲಿಲ್ಲ. ಅವರ ತುಟಿ ಮಾತ್ರ ಅಲುಗುತ್ತಿತ್ತು, ಶಿವನಾಮವಿರಬೇಕು.

ಹುಡುಗಿ ಅಜ್ಜಿಯನ್ನೇ ನೋಡುತ್ತ ನಿಂತಿದ್ದಳು. ಆ ಮುಖದಲ್ಲಿ ಮೊದಲು ಕಂಡದ್ದು ಭಯವಲ್ಲ, ಆಶ್ಚರ್ಯ. ಆಮೇಲೆ ಭಯವೂ ಬಂತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು. ನನ್ನ ಹಣೆಯನ್ನಲ್ಲ, ಕಣ್ಣನ್ನು ನೋಡಿದಳು.

“ಮಿಸ್, ನಂಗೆ ಪಂಪ್ ಬೇಕು.”

ನಾಲ್ಕು ಪದ. ಅಜ್ಜಿಯ ಕೈ ಸಡಿಲವಾಯಿತು. ಕುಲುಕಿ, ಉಸಿರು ಬಿಡಿಸಿ, ತುಟಿಗೆ ಹಿಡಿದು ಒತ್ತಿದೆ. ಹತ್ತು ಎಣಿಸಿದೆ. ಇನ್ನೊಂದು ಸಲ ಒತ್ತಿದೆ. ಸ್ವಲ್ಪ ಹೊತ್ತಿಗೆ ವಾಕ್ಯ ಕೂಡಿಕೊಂಡಿತು. ಗೆದ್ದೆವು ಎಂದು ಅಜ್ಜಿಯ ಕಡೆ ನೋಡಿದರೆ ಅವರು ಎದ್ದು ನೀರಿನ ಅಂಚಿಗೆ ಹೋಗಿ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದರು.

ಆಟೋದಲ್ಲಿ ವಾಪಸ್ಸು ಬರುವಾಗ ಹುಡುಗಿ ನನ್ನ ಪಕ್ಕ ಕೂತಳು, ಅಜ್ಜಿಯ ಪಕ್ಕ ಅಲ್ಲ. “ಅಜ್ಜಿಗೆ ಗೊತ್ತಿತ್ತು ಅಲ್ವಾ ಮಿಸ್?” ಎಂದು ಕೇಳಿದಳು. ಅಜ್ಜಿ ಅಲ್ಲೇ ಇದ್ದರು, ಕೇಳಿಸಿಕೊಂಡರು. ಇಲ್ಲ ಮಗ, ಅಜ್ಜಿ ನೋಡಲಿಲ್ಲ ಎಂದೆ. ಹತ್ತು ವರ್ಷದ ಮಗುವಿಗೆ ಅಷ್ಟು ದಡ್ಡ ಸುಳ್ಳು ಹೇಳಬಾರದು. ಅವಳು ಮತ್ತೆ ಕೇಳಲಿಲ್ಲ.

ಅಂದಿನಿಂದ ಪಂಪ್ ತಾನಾಗಿ ಕೇಳುವುದು ಅವಳಿಗೆ ರೂಢಿಯಾಯಿತು. ಅಜ್ಜಿಯ ಜೊತೆ ಮಾತು ನಿಂತಿತು. ಜಡೆ ಹಾಕಿಸಿಕೊಳ್ಳಲು ಅತ್ತೆಯ ಹತ್ತಿರ ಹೋಗುತ್ತಿದ್ದಳಂತೆ. ನಾನು ಅಜ್ಜಿಯನ್ನು ಸಮಾಧಾನ ಮಾಡಹೋದೆ, ನಿಜ ಏನೆಂದು ಮಗುವಿಗೆ ನಾನೇ ಹೇಳುತ್ತೇನೆ, ಒತ್ತಾಯ ಮಾಡಿದವಳು ನಾನು ಎಂದೆ. ಅವರು ತಲೆಯಾಡಿಸಿದರು.

“ಬ್ಯಾಡ ಬಿಡಿ ಟೀಚರಮ್ಮ. ನನ್ ಮ್ಯಾಲೆ ಸಿಟ್ಟಿದ್ರೆ ಹೋಗಾಗ ಅವ್ಳಿಗೆ ಸುಲ್ಬ ಆಯ್ತದೆ.”

ಪುಸ್ತಕ ಓದಿ ವಿಕಸನದ ಪಾಠ ಹೇಳುತ್ತಿದ್ದ ನನಗೆ ಆ ಹೆಂಗಸಿನ ಎದುರು ಕೂರುವ ಯೋಗ್ಯತೆ ಇಲ್ಲ ಎನ್ನಿಸಿತು. ಅವರ ಮಾತನ್ನು ಮೀರುವ ಧೈರ್ಯವೂ ಬರಲಿಲ್ಲ.

ಜುಲೈನಲ್ಲಿ ತಾಯಿ ಬಂದಳು. ಬಂದ ಎರಡನೇ ದಿನವೇ ಅಂಗಳದಲ್ಲಿ ಕಾಯಿ ಸುಲಿಯುವ ದೂಳಿಗೆ ಹುಡುಗಿಗೆ ವೀಸಿಂಗ್ ಬಂದು, ಅಮ್ಮ ನಂಗೆ ಪಂಪ್ ಬೇಕು ಎಂದು ತಾನಾಗಿ ಕೇಳಿದಳಂತೆ. ತಾಯಿ ಆ ಸಂತೋಷ ಹೇಳಲು ಹಳೇಬೀಡಿಗೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನೀವು ಮಗಳ ಜೀವ ಉಳಿಸಿದಿರಿ ಎಂದಳು. ಉಳಿಸಿದ್ದು ನಾನಲ್ಲ ಎಂದು ಹೇಳಬೇಕಿತ್ತು. ಅಜ್ಜಿಯ ಗುಟ್ಟು ನನ್ನ ಬಾಯಿ ಕಟ್ಟಿತ್ತು.

ಹೊರಡುವ ದಿನ ಜಾವಗಲ್‌ಗೆ ಹೋದೆ. ಬೆಳಗಿನ ಹತ್ತು ಗಂಟೆ. ಬೆಂಗಳೂರಿಗೆ ಹೋಗುವ ಕಾರು ಬಾಗಿಲಲ್ಲಿ ನಿಂತಿತ್ತು. ಹುಡುಗಿಯ ಹೆಗಲಿಗೆ ಅಡ್ಡವಾಗಿ ಒಂದು ಪುಟ್ಟ ಹೊಸ ಪರ್ಸು, ಅದರೊಳಗೆ ಪಂಪು. ಅಜ್ಜಿ ದೇವರ ಕೋಣೆಯಿಂದ ಭಸ್ಮದ ಗಟ್ಟಿ ತಂದು ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಮೊಮ್ಮಗಳ ಹಣೆಗೆ ವಿಭೂತಿ ಎಳೆದರು. ಹುಡುಗಿ ಅಜ್ಜಿಯ ಕಾಲು ಮುಟ್ಟಿ, ನನ್ನ ಕಾಲು ಮುಟ್ಟಿ, ಕಾರಿನ ಬಾಗಿಲ ತನಕ ಹೋದಳು. ಅಲ್ಲಿಂದ ತಿರುಗಿ ಬಂದಳು.

ಬಂದವಳು ಅಜ್ಜಿಯ ಎದುರು ನಿಂತು ಅವರ ಕಣ್ಣು ನೋಡಿದಳು.

“ಅಜ್ಜಿ, ನಂಗೆ ನೀನು ಬೇಕು.”

ಅಜ್ಜಿ ಸೆರಗು ಸರಿಮಾಡಿಕೊಂಡರು. ಹುಡುಗಿ ಕಾದಳು. ಅವಳ ತುಟಿ ನೋಡಿದೆ, ಐದು ಎಣಿಸುತ್ತಿದ್ದಳು.

“ಅಜ್ಜಿ, ನಂಗೆ ನೀನು ಬೇಕು.” ಅದೇ ಮಾತು, ಅದೇ ದನಿ.

“ಹೋಗ್ ಬಾ ಮಗ, ಹೊತ್ತಾಯ್ತದೆ” ಎಂದರು ಅಜ್ಜಿ.

ಮತ್ತೆ ಐದು ಎಣಿಸಿದಳು. ಆಮೇಲೆ ಹತ್ತಿರದಲ್ಲಿದ್ದ ಇನ್ನೊಬ್ಬ ದೊಡ್ಡವರ ಕಡೆ ತಿರುಗಿದಳು. ಅದು ನಾನು.

“ಮಿಸ್, ನಂಗೆ ಅಜ್ಜಿ ಬೇಕು” ಎಂದಳು. ಉಸಿರು ಎಲ್ಲೂ ತುಂಡಾಗಲಿಲ್ಲ.

ಮೂರನೇ ಸಲ ಕೇಳಿದ ಮೇಲೂ ಸಿಗದಿದ್ದರೆ ಏನು ಮಾಡಬೇಕು ಎಂದು ನಾನು ಹೇಳಿಕೊಟ್ಟಿರಲಿಲ್ಲ. ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ನಾನು ಅವಳ ಹಣೆಯ ಮೇಲೆ ಇನ್ನೂ ಹಸಿಯಾಗಿದ್ದ ವಿಭೂತಿಯನ್ನು ನೋಡುತ್ತ ನಿಂತೆ.